ಉನ್ಮಾದ–ವಿಷಾದಗಳೂ ಕನ್ನಡ ವಾಙ್ಮಯವೂ

ಕಾವ್ಯಶಾಸ್ತ್ರದ ಪರಿಚಯವುಳ್ಳವರಿಗೆ ಉನ್ಮಾದವೂ ವಿಷಾದವೂ ಹೊಸ ಪದಗಳಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಇವೆರಡೂ ಸೇರಿವೆ. ಇವುಗಳ ಪಂಕ್ತಿಯಲ್ಲಿಯೇ ಹರ್ಷ, ಗರ್ವ, ಚಪಲತೆ, ಆವೇಗ, ದೈನ್ಯ, ಗ್ಲಾನಿ, ಜಡತೆ, ನಿದ್ರೆಗಳೂ ಕುಳಿತಿವೆ. ವ್ಯಭಿಚಾರಿಯೆಂದರೆ ಬಂದು ಹೋಗತಕ್ಕ ಭಾವ. ಸ್ಥಾಯಿಯನ್ನು ಪುಷ್ಟಿಗೊಳಿಸಿ ತಾನು ಮರೆಯಾಗುವುದೇ ಅದರ ಧರ್ಮ. ರಸನಿರೂಪಣೆಗೆ ಈ ವಿಭಾಗವು ಸಾಕಾದೀತು. ಆದರೆ ಲೋಕದಲ್ಲಿ ಕೆಲವರ ಬಾಳಿನೊಳಗೆ ಉನ್ಮಾದವು ಕ್ಷಣಮಾತ್ರ ತೋರಿ ಅಡಗುವುದಿಲ್ಲ. ವಾರಗಟ್ಟಲೆ ನಿಂತು ಮನೆಯನ್ನೇ ಅಲ್ಲೋಲಕಲ್ಲೋಲ ಮಾಡುತ್ತದೆ. ಅದು ಇಳಿದ ಮೇಲೆ ವಿಷಾದವು ತಿಂಗಳುಗಟ್ಟಲೆ ಕವಿದು ಕೂರುತ್ತದೆ. ನಡುನಡುವೆ ವರ್ಷಗಳ ಸ್ವಾಸ್ಥ್ಯವೂ ಉಂಟು; ಬಳಿಕ ಮತ್ತೆ ಅದೇ ಚಕ್ರ. ಇಂದಿನ ವೈದ್ಯಶಾಸ್ತ್ರವು ಬೈಪೋಲಾರ್ ಎಂದು ಕರೆಯುವ ವ್ಯಾಧಿ ಇದೇ. ಇದನ್ನು ನಮ್ಮ ವಾಙ್ಮಯವು ಯಾವ ಹೆಸರಿನಿಂದ ಕರೆದಿದೆ, ಯಾವ ಕಣ್ಣಿನಿಂದ ಕಂಡಿದೆ, ಅದರಿಂದ ಓದುಗನಿಗೆ ಆದ ಲಾಭವೆಷ್ಟು ಹಾನಿಯೆಷ್ಟು ಎಂಬುದನ್ನು ಪರಾಮರ್ಶಿಸುವುದು ಉಚಿತವಾಗಿದೆ.

ಇದು ಶಬ್ದಚರ್ಚೆಯಲ್ಲಿ ಮುಗಿದು ಹೋಗುವ ವಿಷಯವಲ್ಲ. ಸಂತೆಕಟ್ಟೆಯಂಥ ಊರಿನ ಒಂದು ಮನೆಯಲ್ಲಿ ಪ್ರಾಯಕ್ಕೆ ಬಂದ ಮಗನೋ ಹೊಸದಾಗಿ ಹೆತ್ತ ಸೊಸೆಯೋ ನಿದ್ದೆಯನ್ನು ತೊರೆದು, ಎಡೆಬಿಡದೆ ಮಾತಾಡುತ್ತ, ಇಲ್ಲದ ಸಂಪತ್ತನ್ನು ದಾನಮಾಡಲು ಹೊರಟರೆ, ಮನೆಯವರು ಮೊದಲು ನೆನೆಯುವುದು ವೈದ್ಯಗ್ರಂಥವನ್ನಲ್ಲ. ತಾವು ಕೇಳಿದ ಕಥೆಯನ್ನು, ನೋಡಿದ ಆಟವನ್ನು, ಓದಿದ ಕಾದಂಬರಿಯನ್ನು. ವೈದ್ಯನು ಬಾಯಿ ತೆರೆಯುವ ಮೊದಲೇ ಸಾಹಿತ್ಯವು ಅವರ ಕಿವಿಯಲ್ಲಿ ತನ್ನ ನಿದಾನವನ್ನು ಹೇಳಿಯಾಗಿರುತ್ತದೆ. ಆ ನಿದಾನವು ತಪ್ಪಾಗಿದ್ದರೆ ಅದರ ದಂಡವನ್ನು ತೆರುವವನು ಕವಿಯಲ್ಲ, ರೋಗಿ. ಆದಕಾರಣ ಈ ವಿಷಯದಲ್ಲಿ ಸಾಹಿತ್ಯದ ಸತ್ಯಾಸತ್ಯವನ್ನು ಕೇಳುವ ಅಧಿಕಾರವು ವಿಮರ್ಶೆಗೆ ಇದೆ.

ಮೊದಲು ಸಂಸ್ಕೃತ ಕಾವ್ಯದ ಮಾತು. ವಿಯೋಗಶೃಂಗಾರದ ಹತ್ತು ಅವಸ್ಥೆಗಳಲ್ಲಿ ಉನ್ಮಾದಕ್ಕೊಂದು ಸ್ಥಾನವಿದೆ. ಕಾಳಿದಾಸನ ವಿಕ್ರಮೋರ್ವಶೀಯದ ನಾಲ್ಕನೆಯ ಅಂಕವು ಇದರ ಪರಾಕಾಷ್ಠೆ. ಊರ್ವಶಿಯನ್ನು ಕಳೆದುಕೊಂಡ ಪುರೂರವನು ಕಾಡಿನಲ್ಲಿ ಮೃಗಪಕ್ಷಿಗಳನ್ನು ಪ್ರಶ್ನಿಸುತ್ತ ಅಲೆಯುತ್ತಾನೆ, ಸಂಗಮನೀಯವೆಂಬ ಮಣಿಯ ಪ್ರಭಾವದಿಂದ ಲತೆಯಾಗಿದ್ದ ಪ್ರಿಯೆ ಮರಳಿ ದೊರೆಯುತ್ತಾಳೆ, ಉನ್ಮಾದವೂ ತೊಲಗುತ್ತದೆ. ಕಾವ್ಯದೃಷ್ಟಿಯಿಂದ ಇದು ಅನವದ್ಯ. ಆದರೆ ಇಂಥ ಕಾವ್ಯಗಳ ಸಂಸ್ಕಾರವು ಜನಮನದಲ್ಲಿ ಎರಡು ನಂಬಿಕೆಗಳನ್ನು ನಾಟಿದೆಯೆಂದು ಒಪ್ಪಲೇಬೇಕು. ಪ್ರತಿಯೊಂದು ಉನ್ಮಾದಕ್ಕೂ ಕಥೆಗೊಪ್ಪುವ ಒಂದು ಕಾರಣವಿದೆಯೆಂಬುದು ಒಂದು. ಆ ಕಾರಣವನ್ನು ತೊಲಗಿಸಿದೊಡನೆ ಉನ್ಮಾದವೂ ತೊಲಗುವುದೆಂಬುದು ಇನ್ನೊಂದು. ಮನಸ್ಸು ಕೆಟ್ಟ ತರುಣನಿಗೆ ಮದುವೆ ಮಾಡಿದರೆ ಸರಿಹೋದಾನು ಎಂದು ಹಿರಿಯರು ಹೇಳುವುದುಂಟಷ್ಟೆ. ಅದು ಪುರೂರವನ ಮಣಿಯನ್ನು ಗೃಹಸ್ಥರು ಹುಡುಕುವ ಪರಿ. ರೋಗವಾದರೋ ದೊಡ್ಡ ಕಾರಣವನ್ನು ಕಾಯುವುದಿಲ್ಲ. ದುಃಖ, ಹೆರಿಗೆ, ಮದ್ಯ, ನಾಲ್ಕು ರಾತ್ರಿಗಳ ನಿದ್ರಾಭಂಗ, ಯಾವುದೂ ಅದಕ್ಕೆ ನೆಪವಾದೀತು. ಏನೂ ಇಲ್ಲದೆಯೂ ಬಂದೀತು. ಮದುವೆಯು ಅದಕ್ಕೆ ಔಷಧವಲ್ಲ. ವಿಷಯವನ್ನು ಮರೆಮಾಚಿ ಮಾಡಿದ ಮದುವೆಯು ಎರಡು ಕುಟುಂಬಗಳ ಸಂಕಟವಾಗುತ್ತದೆ.

ಇನ್ನು ಕನ್ನಡದ ಶಬ್ದಗಳು. ಹಳಗನ್ನಡದಲ್ಲಿ ‘ಮರುಳ್’ ಎಂಬುದಕ್ಕೆ ಬುದ್ಧಿಭ್ರಮೆಯೆಂದೂ ಅರ್ಥ, ಪಿಶಾಚವೆಂದೂ ಅರ್ಥ. ರನ್ನನ ಗದಾಯುದ್ಧದ ರಣರಂಗದಲ್ಲಿ ಕಾಣಿಸಿಕೊಳ್ಳುವ ಮರುಳುಗಳು ಭೂತಗಳೇ. ತುಳುವಿನ ‘ಮರ್ಲ್’ ಇದರ ಒಡಹುಟ್ಟು. ರೋಗಕ್ಕೂ ಪಿಶಾಚಕ್ಕೂ ಒಂದೇ ಹೆಸರನ್ನಿಟ್ಟ ಭಾಷೆಯಲ್ಲಿ ರೋಗಿಯನ್ನು ಮಾಂತ್ರಿಕನ ಬಳಿಗೆ ಮೊದಲು ಕರೆದೊಯ್ದರೆ ಆಶ್ಚರ್ಯವೇನು? ‘ಹುಚ್ಚು’ ಎಂಬ ಪದದ ಗತಿ ಬೇರೆ. ಅದು ಬೈಗುಳವೂ ಹೌದು, ಮೆಚ್ಚುಗೆಯೂ ಹೌದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟಾಗ ಆ ಪದವು ಸ್ವತಂತ್ರ ಮನಸ್ಸಿನ ಉತ್ಸಾಹವನ್ನು ಹೇಳಿತು. ಯಾರೂ ಅದನ್ನು ರೋಗವೆಂದು ತಿಳಿಯಲಿಲ್ಲ. ಆದರೆ ಅದೇ ಪದವನ್ನು ಆಸ್ಪತ್ರೆಯಿಂದ ಮರಳಿದ ಹೆಣ್ಣುಮಗಳೊಬ್ಬಳ ಬೆನ್ನ ಹಿಂದೆ ಆಡಿದರೆ ಅದು ಬಾಣವಾಗುತ್ತದೆ. ಒಂದೇ ಶಬ್ದವು ಪ್ರತಿಭಾವಂತನಿಗೆ ಕಿರೀಟವಾಗಿ ರೋಗಿಗೆ ಸಂಕೋಲೆಯಾಗುವ ಈ ವೈಷಮ್ಯವನ್ನು ಬರಹಗಾರರು ಗಮನಿಸಿದ್ದು ಕಡಿಮೆ.

ಇತ್ತೀಚೆಗೆ ‘ದ್ವಿಧ್ರುವ’ ಎಂಬ ಅನುವಾದವೂ ಬಳಕೆಗೆ ಬಂದಿದೆ. ಅದು ಶಬ್ದಶಃ ಸರಿಯಾದರೂ ಅರ್ಥತಃ ಅಸಮಗ್ರ. ಎರಡು ಧ್ರುವಗಳೆಂದೊಡನೆ ಓದುಗನು ರೋಗಿಯನ್ನು ಸದಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವವನೆಂದು ಕಲ್ಪಿಸುತ್ತಾನೆ. ವಾಸ್ತವದಲ್ಲಿ ಧ್ರುವಗಳ ನಡುವೆ ವಿಶಾಲವಾದ ಬಯಲಿದೆ. ಯೋಗ್ಯ ಚಿಕಿತ್ಸೆ ದೊರೆತವರಲ್ಲಿ ಅನೇಕರು ಬಾಳಿನ ಬಹುಭಾಗವನ್ನು ಆ ಬಯಲಿನಲ್ಲಿಯೇ, ಇತರರಂತೆ ದುಡಿದು ಉಂಡು ಕಳೆಯುತ್ತಾರೆ. ಉನ್ಮಾದದ ಚುರುಕೂ ವಿಷಾದದ ಕತ್ತಲೆಯೂ ಏಕಕಾಲದಲ್ಲಿ ಕೂಡಿಬರುವ ಮಿಶ್ರಾವಸ್ಥೆಯೂ ಉಂಟು. ಪ್ರಾಣಕ್ಕೆ ಅತ್ಯಂತ ಅಪಾಯಕರವಾದ ದಶೆಗಳಲ್ಲಿ ಅದೊಂದು. ಈ ಎರಡನ್ನೂ ‘ದ್ವಿಧ್ರುವ’ವು ಸೂಚಿಸಲಾರದು. ‘ಉನ್ಮಾದ–ವಿಷಾದ’ ಎಂಬ ಹಳೆಯ ಜೋಡಿಪದವು ರೋಗದ ಎರಡು ಮುಖಗಳನ್ನಾದರೂ ಹೆಸರು ಹಿಡಿದು ಹೇಳುತ್ತದೆ. ಬೈಪೋಲಾರ್ ಎಂಬುದು ಈಗ ಜನರ ಬಾಯಲ್ಲಿ ನೆಲೆಸಿರುವುದರಿಂದ ಅದನ್ನು ಹಾಗೆಯೇ ಇಟ್ಟುಕೊಂಡರೂ ಭಾಷೆಗೆ ನಷ್ಟವಿಲ್ಲ. ರೈಲು, ಆಸ್ಪತ್ರೆಗಳನ್ನು ಜೀರ್ಣಿಸಿಕೊಂಡ ಕನ್ನಡಕ್ಕೆ ಇದೊಂದು ಭಾರವಾಗದು.

ಆಯುರ್ವೇದದ ಸಾಕ್ಷ್ಯವನ್ನು ಬಿಟ್ಟು ಈ ಚರ್ಚೆಯು ಪೂರ್ಣವಾಗದು. ಚರಕಸಂಹಿತೆಯ ನಿದಾನಸ್ಥಾನವು ಉನ್ಮಾದಕ್ಕೆ ಕೊಟ್ಟಿರುವ ಲಕ್ಷಣವು ಇಂದಿಗೂ ಬೆರಗುಗೊಳಿಸುವಂಥದು. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದವೆಂದು ಅದು ಹೇಳುತ್ತದೆ. ಜಿಪುಣನು ದಾನಿಯಾದಾಗ, ಮಿತಭಾಷಿಯು ವಾಚಾಳಿಯಾದಾಗ ಮನೆಯವರು ಮೊದಲು ಗುರುತಿಸುವುದು ಈ ಶೀಲಾಚಾರಗಳ ಬದಲಾವಣೆಯನ್ನೇ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ತನ್ನಿಂದಲೇ ಕ್ಲೇಶಕ್ಕೊಳಗಾಗದ ಮನುಷ್ಯನನ್ನು ದೇವತೆಗಳಾಗಲಿ ಗಂಧರ್ವಪಿಶಾಚರಾಗಲಿ ಪೀಡಿಸುವುದಿಲ್ಲ, ದೋಷವನ್ನು ಅವರ ಮೇಲೆ ಹೊರಿಸಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಷ್ಟು ಹಳೆಯ ಪರಂಪರೆಯೊಂದು ಭೂತಪ್ರೇತಗಳನ್ನು ಹೀಗೆ ಆರೋಪಮುಕ್ತಗೊಳಿಸಿದ್ದು ಸಾಮಾನ್ಯವಲ್ಲ.

ಆದರೆ ಪ್ರಶಂಸೆಯು ಗಜನಿಮೀಲಿಕೆಯಾಗಬಾರದು. ದೇವತೆಗಳನ್ನು ಬಿಡಿಸಿದ ಆಚಾರ್ಯರು ಅಪರಾಧವನ್ನು ರೋಗಿಯ ಕರ್ಮದ ಮೇಲೆಯೂ ಪ್ರಜ್ಞಾಪರಾಧದ ಮೇಲೆಯೂ ಇಟ್ಟರು. ಇಂದಿನ ಜ್ಞಾನವು ಈ ಎರಡನೆಯ ಆರೋಪವನ್ನೂ ತೆಗೆದುಹಾಕಿದೆ. ಈ ವ್ಯಾಧಿಯಲ್ಲಿ ಆನುವಂಶಿಕ ಪ್ರವೃತ್ತಿಯು ಬಲವಾದದ್ದು; ತಂದೆ ತಾಯಿಗಳಲ್ಲೊಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವವು ಇತರರಿಗಿಂತ ಹೆಚ್ಚು, ಆದರೂ ಅಂಥ ಮಕ್ಕಳಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಹೀಗಿರಲು ಮಧುಮೇಹಿಯು ಎಷ್ಟು ಅಪರಾಧಿಯೋ ಇವನೂ ಅಷ್ಟೇ. ಚರಕದ ಚಿಕಿತ್ಸಾಸ್ಥಾನದಲ್ಲಿ ಸ್ನೇಹಿತರ ಸಾಂತ್ವನವೂ ಇದೆ. ಹಲ್ಲು ಕಿತ್ತ ಹಾವಿನಿಂದಲೂ ರಾಜಭಟರ ಬೆದರಿಕೆಯಿಂದಲೂ ರೋಗಿಯನ್ನು ಹೆದರಿಸುವ ವಿಧಿಯೂ ಇದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತ್ಯಜಿಸುವುದೇ ಶಾಸ್ತ್ರಕ್ಕೆ ಸಲ್ಲಿಸುವ ಗೌರವ. ೨೦೦೧ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ ಇಪ್ಪತ್ತೆಂಟು ಮಂದಿ ರೋಗಿಗಳು ಬೆಂದು ಸತ್ತರು. ಬೆದರಿಸಿ ಬಂಧಿಸುವ ಚಿಕಿತ್ಸೆಯ ಕೊನೆಯು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಪಾಶ್ಚಾತ್ಯ ವೈದ್ಯದ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿದರೆ ಮುಂದಿನ ವಿಮರ್ಶೆಗೆ ಅನುಕೂಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಫಾಲ್ರೆ ಎಂಬ ವೈದ್ಯನು ಏರಿಳಿತಗಳೆರಡೂ ಒಂದೇ ರೋಗದ ಚಕ್ರವೆಂದು ಕಂಡನು. ೧೮೯೯ರಲ್ಲಿ ಜರ್ಮನಿಯ ಕ್ರೇಪೆಲಿನ್ ಇದನ್ನು ಇತರ ಚಿತ್ತರೋಗಗಳಿಂದ ಬೇರ್ಪಡಿಸಿದನು. ೧೯೪೯ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಲಿಥಿಯಂ ಎಂಬ ಲವಣವು ಉನ್ಮಾದವನ್ನು ಇಳಿಸುವುದೆಂದು ಪ್ರಕಟಿಸಿದನು. ಅವನ ಮೊದಲನೆಯ ರೋಗಿಯ ವೃತ್ತಾಂತದಲ್ಲಿ ಈ ವ್ಯಾಧಿಯ ಸಮಸ್ತ ಪಾಠವೂ ಅಡಗಿದೆ. ಬಹುಕಾಲ ಆಸ್ಪತ್ರೆಯಲ್ಲಿದ್ದವನು ಈ ಲವಣದಿಂದ ಗುಣಹೊಂದಿ ಮನೆಗೆ ಹೋದನು, ಗುಣವಾಯಿತಲ್ಲ ಎಂದು ಮದ್ದನ್ನು ಬಿಟ್ಟನು, ರೋಗವು ಮರುಕಳಿಸಿತು, ಮತ್ತೆ ಕೊಟ್ಟ ಮದ್ದಿನ ಪ್ರಮಾಣವನ್ನು ಅಳೆಯುವ ಸಾಧನವಿಲ್ಲದ ಆ ಕಾಲದಲ್ಲಿ ಕೊನೆಗೆ ಅದರ ವಿಷದಿಂದಲೇ ಸತ್ತನು. ಮದ್ದನ್ನು ಬಿಡುವುದೂ ಅಪಾಯ, ಅಳತೆಯಿಲ್ಲದೆ ಕೊಡುವುದೂ ಅಪಾಯ. ರೋಗವಿಲ್ಲದ ಕಾಲದಲ್ಲಿಯೂ ಲಿಥಿಯಂ ಸೇವನೆಯು ಅದರ ಮರುಕಳಿಕೆಯನ್ನು ತಡೆಯುವುದೆಂದು ಡೆನ್ಮಾರ್ಕಿನ ಬಾಸ್ಟ್ರುಪ್ ಮತ್ತು ಶೌ ಎಂಬವರು ತೋರಿಸಿದ್ದು ೧೯೬೭ರಲ್ಲಿ. ಈ ವರ್ಷವನ್ನು ಓದುಗರು ನೆನಪಿನಲ್ಲಿಡತಕ್ಕದ್ದು.

ಏಕೆಂದರೆ ಕನ್ನಡದಲ್ಲಿ ಈ ವಿಷಯವನ್ನು ಕುರಿತ ಅತಿ ಮುಖ್ಯ ಕಾದಂಬರಿಯ ಕರ್ತೃವಾದ ತ್ರಿವೇಣಿಯವರು ೧೯೬೩ರಲ್ಲಿಯೇ, ಮೂವತ್ತನಾಲ್ಕರ ಪ್ರಾಯದಲ್ಲಿ, ತೀರಿಹೋದರು. ಮನಶ್ಶಾಸ್ತ್ರವನ್ನು ಓದಿದ್ದ ಈ ಲೇಖಕಿಯ ‘ಶರಪಂಜರ’ವು ಓದುಗರಲ್ಲಿಯೂ, ೧೯೭೦ರ ದಶಕದ ಆದಿಯಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದ ಮೇಲೆ ಓದದವರಲ್ಲಿಯೂ ಮನೆಮಾತಾಯಿತು. ಗೃಹಿಣಿ ಕಾವೇರಿ ಹೆರಿಗೆಯ ಬಳಿಕ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಮರಳಿದವಳಿಗೆ ಕಾದಿರುವುದು ಸಂಶಯದ ನೋಟ, ಪಿಸುಮಾತು, ಬೇರೆಡೆಗೆ ತಿರುಗಿದ ಗಂಡನ ಮನಸ್ಸು. ಅವಳು ನಕ್ಕರೂ ರೋಗದ ಗುರುತು, ಅತ್ತರೂ ರೋಗದ ಗುರುತು. ಕೊನೆಗೆ ಆ ಮನಸ್ಸು ಎರಡನೆಯ ಬಾರಿ ಒಡೆಯುತ್ತದೆ.

ಈ ಕೃತಿಯ ಹೆಸರೇ ಅದರ ವಿಮರ್ಶೆಯಂತಿದೆ. ಪಂಜರವನ್ನು ಕಟ್ಟಿದ್ದು ಆಸ್ಪತ್ರೆಯ ಗೋಡೆಯಲ್ಲ. ಮನೆಯವರ ಮಾತಿನ ಬಾಣಗಳು. ರೋಗಕ್ಕಿಂತಲೂ ರೋಗದ ಕುಖ್ಯಾತಿಯು ಕ್ರೂರವೆಂಬ ಸತ್ಯವನ್ನು ಇಷ್ಟು ತೀಕ್ಷ್ಣವಾಗಿ ಕನ್ನಡದಲ್ಲಿ ಹೇಳಿದ ಇನ್ನೊಂದು ಕಾದಂಬರಿಯನ್ನು ತೋರಿಸುವುದು ಕಷ್ಟ. ಗುಣಹೊಂದಿದವಳ ಪ್ರತಿಯೊಂದು ಸಹಜ ಭಾವವನ್ನೂ ರೋಗಲಕ್ಷಣವೆಂದು ಅಳೆಯುವುದು ಇಂದಿಗೂ ಮನೆಮನೆಗಳಲ್ಲಿ ನಡೆಯುತ್ತಿದೆ. ಹೆರಿಗೆಯ ನಂತರದ ತೀವ್ರ ಚಿತ್ತವಿಕಾರಕ್ಕೂ ಬೈಪೋಲಾರ್ ವ್ಯಾಧಿಗೂ ನಿಕಟವಾದ ನಂಟಿದೆಯೆಂದು ವೈದ್ಯರು ಈಗ ಹೇಳುತ್ತಾರೆ. ಈ ವ್ಯಾಧಿಯ ಪೂರ್ವೇತಿಹಾಸವುಳ್ಳ ಸ್ತ್ರೀಯು ಗರ್ಭಿಣಿಯಾದಾಗ ಮೊದಲೇ ವೈದ್ಯರ ನಿಗಾ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಾಯಿಯನ್ನೂ ಮಗುವನ್ನೂ ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವನ್ನು ೨೦೦೯ರಲ್ಲಿ ತೆರೆದದ್ದು ಕಾವೇರಿಯಂಥವರಿಗೆ ತಡವಾಗಿ ಸಂದ ನ್ಯಾಯ.

ಇಷ್ಟನ್ನು ಒಪ್ಪಿಯೂ ಒಂದು ನ್ಯೂನತೆಯನ್ನು ಹೇಳತಕ್ಕದ್ದಿದೆ. ‘ಶರಪಂಜರ’ದ ಓದುಗನು ಪುಸ್ತಕವನ್ನು ಮುಚ್ಚುವಾಗ ಎರಡು ಅನುಮಾನಗಳಿಗೆ ಬರುತ್ತಾನೆ: ಜನರು ಒಳ್ಳೆಯವರಾಗಿದ್ದರೆ ರೋಗವು ಮರುಕಳಿಸುತ್ತಿರಲಿಲ್ಲ, ಮರುಕಳಿಸಿದ ಮೇಲೆ ಇನ್ನೇನೂ ಉಳಿದಿಲ್ಲ. ಮೊದಲನೆಯದು ಅರ್ಧಸತ್ಯ. ಮನೆಯವರ ಕಟುನುಡಿಯು ಮರುಕಳಿಕೆಯನ್ನು ಬೇಗ ತರುವುದು ನಿಜ. ಆದರೆ ದೇವತೆಗಳಂಥ ಬಂಧುಗಳ ನಡುವೆಯೂ ಮದ್ದು ತಪ್ಪಿದರೆ, ಕೆಲವೊಮ್ಮೆ ತಪ್ಪದಿದ್ದರೂ, ರೋಗವು ಬರುತ್ತದೆ. ಅಷ್ಟರಿಂದ ಅವರನ್ನು ಪಾಪಿಗಳೆನ್ನಲಾಗದು. ಎರಡನೆಯದು ಪೂರ್ಣ ಅಸತ್ಯ. ಎರಡನೆಯ ಸಲ ಬಂದ ಉನ್ಮಾದವು ಬಾಳಿನ ಭರತವಾಕ್ಯವಲ್ಲ. ಅದೂ ಇಳಿಯುತ್ತದೆ, ಮತ್ತೆ ಮನೆ, ಮಕ್ಕಳು, ಉದ್ಯೋಗ ಎಲ್ಲವೂ ಸಾಧ್ಯ. ಈ ದೋಷವು ಲೇಖಕಿಯದೆನ್ನುವುದಕ್ಕಿಂತ ಕಾಲದ್ದೆನ್ನುವುದು ನ್ಯಾಯ. ಮರುಕಳಿಕೆಯನ್ನು ತಡೆಯುವ ಮದ್ದಿನ ಪ್ರಮಾಣವು ಲೋಕಕ್ಕೆ ತಿಳಿಯುವ ಮೊದಲೇ ಅವರು ಲೇಖನಿಯನ್ನು ಕೆಳಗಿಟ್ಟಿದ್ದರು. ಆದರೆ ಅವರ ಅನಂತರದವರಿಗೆ ಈ ಸಮಾಧಾನವಿಲ್ಲ. ಕೊನೆಯ ಪರಿಚ್ಛೇದಕ್ಕೆ ಬೇಕಾದ ಕರುಣರಸಕ್ಕಾಗಿ ಹುಚ್ಚನ್ನು ಕರೆತಂದು, ಪರದೆ ಎಳೆದು ಹೊರಟುಹೋಗುವ ಪದ್ಧತಿಯನ್ನು ಕಥೆಗಾರರೂ ಚಿತ್ರಕಾರರೂ ಇಂದಿಗೂ ಬಿಟ್ಟಿಲ್ಲ.

ಕಥೆಯು ಬಿಟ್ಟ ಕೆಲಸವನ್ನು ಶಾಸ್ತ್ರಸಾಹಿತ್ಯವು ಕೈಗೆತ್ತಿಕೊಂಡಿತೆಂಬುದು ಕನ್ನಡದ ಭಾಗ್ಯ. ‘ಕೊರವಂಜಿ’ಯ ಸಂಪಾದಕರಾಗಿ ‘ರಾಶಿ’ಯೆಂಬ ಹೆಸರಿನಿಂದ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಚಿತ್ತರೋಗಗಳನ್ನು ಕುರಿತ ಗ್ರಂಥವೊಂದಕ್ಕೆ ಕಾವ್ಯ ಕಾದಂಬರಿಗಳೊಡನೆ ಸಮಾನಾಸನ ದೊರೆತದ್ದು ಚಿಕ್ಕ ಮಾತಲ್ಲ. ಮನಸ್ಸಿನ ರೋಗವನ್ನು ಸಭ್ಯರ ಸಭೆಯಲ್ಲಿ ಮಾತಾಡಬಹುದೆಂಬುದಕ್ಕೆ ಅದು ಮುದ್ರೆಯೊತ್ತಿತು. ಬಳಿಕ ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗನಿಗೆ ತಿಳಿಯುವ ಸರಳ ಕನ್ನಡದಲ್ಲಿ ಅಸಂಖ್ಯ ಕಿರುಹೊತ್ತಗೆಗಳನ್ನು ಬರೆದರು. ಇಂಥ ಪುಸ್ತಕಗಳ ಗುಣವು ಸ್ಪಷ್ಟತೆ. ಅವು ಭಯವನ್ನು ಕಳೆಯುತ್ತವೆ. ಅವುಗಳ ಮೇರೆಯೂ ಅಲ್ಲಿಯೇ ಇದೆ. ವೈದ್ಯನ ಮೇಜಿನ ಆಚೆಯಿಂದ ಕಂಡ ರೋಗವೇ ಅವುಗಳಲ್ಲಿ ಕಾಣುತ್ತದೆ. ಈಚೆ ಕುಳಿತವನು ಇಪ್ಪತ್ತು ವರ್ಷಗಳ ಕಾಲ ದಿನವೂ ಮಾತ್ರೆ ನುಂಗುತ್ತ ಬಾಳಿದ ಬಗೆಯು ಕಾಣುವುದಿಲ್ಲ. ಅದನ್ನು ಹೇಳತಕ್ಕದ್ದು ಸಾಹಿತ್ಯದ ಕೆಲಸ.

ಹೊರನಾಡಿನಲ್ಲಿ ಈ ಕೆಲಸ ನಡೆದಿದೆ. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಸ್ವತಃ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಿಕೆ. ತಮಗೇ ಇರುವ ಈ ವ್ಯಾಧಿಯನ್ನು ೧೯೯೫ರಲ್ಲಿ ‘ಆ್ಯನ್ ಅನ್‌ಕ್ವಯಟ್ ಮೈಂಡ್’ ಎಂಬ ಆತ್ಮಕಥನದಲ್ಲಿ ಬಯಲುಮಾಡಿದರು. ಆ ಗ್ರಂಥದ ಹೃದಯವು ಉನ್ಮಾದದ ವರ್ಣನೆಯಲ್ಲಿಲ್ಲ, ಲಿಥಿಯಂನೊಡನೆ ಲೇಖಕಿ ನಡೆಸಿದ ದೀರ್ಘ ಕಲಹದಲ್ಲಿದೆ. ರೋಗವನ್ನು ಬಲ್ಲ ಪಂಡಿತೆಯೇ ಮದ್ದನ್ನು ಮತ್ತೆ ಮತ್ತೆ ಬಿಟ್ಟು, ಸಾವಿನ ಬಾಗಿಲವರೆಗೆ ಹೋಗಿ, ಕೊನೆಗೆ ಅದರೊಡನೆ ಸಂಧಿ ಮಾಡಿಕೊಂಡ ವೃತ್ತಾಂತವದು. ಉನ್ಮಾದದ ಆರಂಭದಲ್ಲಿ ಮನಸ್ಸಿಗೆ ಒಂದು ಬಗೆಯ ಹೊಳಪು ಇರುತ್ತದೆ. ಅದನ್ನು ಕಳೆದುಕೊಳ್ಳಲು ರೋಗಿಯು ಹಿಂಜರಿಯುತ್ತಾನೆ. ಇದನ್ನು ತಿಳಿಯದ ಬಂಧುಗಳು ಮದ್ದು ಬಿಟ್ಟವನನ್ನು ಹಟಮಾರಿಯೆಂದು ಗದರಿಸುತ್ತಾರೆ. ಇದೇ ಲೇಖಕಿ ೧೯೯೩ರಲ್ಲಿ ಕಲಾಪ್ರತಿಭೆಗೂ ಈ ವ್ಯಾಧಿಗೂ ಇರುವ ನಂಟನ್ನು ಕುರಿತು ಬರೆದದ್ದುಂಟು. ಆದರೆ ಕವಿತೆಗಾಗಿ ಮದ್ದು ಬಿಡಿರೆಂದು ಅವರು ಹೇಳಿಲ್ಲ. ಉನ್ಮತ್ತತೆಯೇ ಕವಿತ್ವದ ತಾಯಿಯೆಂದು ವೇದಿಕೆಯಲ್ಲಿ ಸಾರುವ ನಮ್ಮ ಭಾಷಣಕಾರರು ಈ ವಿವೇಕವನ್ನು ಗಮನಿಸಲಿ.

ಹತ್ತಿರದ ಇನ್ನೊಂದು ಉದಾಹರಣೆ ಜೆರಿ ಪಿಂಟೋ ಅವರ ‘ಎಮ್ ಅಂಡ್ ದ ಬಿಗ್ ಹೂಮ್’. ೨೦೧೨ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಕಾದಂಬರಿಗೆ ೨೦೧೬ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ. ಗೋವೆಯ ಮೂಲದ ಕುಟುಂಬವೊಂದು ಮುಂಬಯಿಯ ಮಾಹಿಮಿನ ಇಕ್ಕಟ್ಟಾದ ಮನೆಯಲ್ಲಿ ಇಂಥ ರೋಗವುಳ್ಳ ತಾಯಿಯೊಡನೆ ಬಾಳಿದ ಕಥೆಯದು; ಹೇಳುವವನು ಮಗ. ಅಲ್ಲಿ ತಾಯಿ ದೇವಿಯೂ ಅಲ್ಲ, ಪಿಶಾಚಿಯೂ ಅಲ್ಲ. ಚತುರೋಕ್ತಿಯುಳ್ಳ, ಕೆಲವೊಮ್ಮೆ ಮಕ್ಕಳ ಎದೆ ಸೀಳುವ ಮಾತಾಡುವ, ಪ್ರೀತಿಸತಕ್ಕ ಮನುಷ್ಯಳು. ಪ್ರತಿದಿನವೂ ತಪ್ಪದೆ ಮನೆಗೆ ಬಂದು ಎಲ್ಲವನ್ನೂ ಹೊತ್ತು ನಿಲ್ಲುವ ತಂದೆಯ ಮೌನದಲ್ಲಿ ಕಾದಂಬರಿಯ ಬೆಲೆಯಿದೆ. ತಾಯಿಯ ರೋಗವು ತನಗೂ ಬಂದೀತೇ ಎಂದು ಮಗನು ಒಳಗೊಳಗೇ ಅಂಜುವುದೂ ಅಲ್ಲಿದೆ. ಧೀರೋದಾತ್ತನನ್ನು ಯುದ್ಧದಲ್ಲಿಯೇ ಹುಡುಕುವ ಅಲಂಕಾರಶಾಸ್ತ್ರವು ಇಂಥ ಗೃಹಸ್ಥನಿಗೂ ಒಂದು ಲಕ್ಷಣವನ್ನು ಬರೆಯಬೇಕಾಗಿದೆ.

ಹೀಗಿರಲು ಕರಾವಳಿಯ ಕನ್ನಡ ಲೇಖಕನಿಗೆ ಸಾಮಗ್ರಿಯ ಕೊರತೆಯಿದೆಯೆಂದು ಯಾರು ಹೇಳಬಲ್ಲರು? ಈ ವ್ಯಾಧಿಯ ನಿರ್ವಹಣೆಯೆಂದರೆ ಮುಖ್ಯವಾಗಿ ದಿನಚರ್ಯೆ. ದಿನಚರ್ಯೆಯೆಂದರೆ ಊರಿನ ಸಂಸ್ಕೃತಿ. ನಿದ್ರಾಭಂಗವು ಉನ್ಮಾದಕ್ಕೆ ಬಾಗಿಲು ತೆರೆಯುವುದೆಂಬುದು ವೈದ್ಯರ ಖಚಿತವಾದ ಮಾತು. ಉಡುಪಿ, ಕಾಪು, ಕಾರ್ಕಳಗಳ ಬದುಕಿನಲ್ಲಾದರೋ ಮಳೆಗಾಲ ಕಳೆದರೆ ಪತ್ತನಾಜೆಯವರೆಗೆ ರಾತ್ರಿಯಿಡೀ ಬಯಲಾಟ, ಕೋಲ, ನೇಮ. ಆಟವನ್ನು ಪ್ರಾಣಕ್ಕಿಂತ ಪ್ರೀತಿಸುವ ತರುಣನೊಬ್ಬನು ಬೆಳಗಾಗುವವರೆಗೆ ಕೂರಲಾಗದೆ, ನಡುರಾತ್ರಿಯಲ್ಲಿ ಎದ್ದು ಮನೆಗೆ ಬರುವುದು ಅವನಿಗೆ ಎಂಥ ತ್ಯಾಗ! ಕಾಲಮಿತಿಯ ಪ್ರದರ್ಶನಗಳು ಬಂದ ಮೇಲೆ ಅವನಿಗೊಂದು ದಾರಿ ದೊರೆತಿದೆ. ಅಂತೆಯೇ ಏಕಾದಶಿಯ ನಿರ್ಜಲ ಉಪವಾಸ. ದೇಹದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುವ ಭಯವಿದೆ. ವಾಂತಿಭೇದಿಯಾದಾಗಲೂ, ಕೆಲವು ನೋವಿನ ಮಾತ್ರೆಗಳನ್ನು ತೆಗೆದುಕೊಂಡಾಗಲೂ ಅದೇ ಭಯ. ಆ ಮದ್ದನ್ನು ಸೇವಿಸುವವನು ವೈದ್ಯರನ್ನು ಕೇಳದೆ ಇಂಥ ವ್ರತ ಹಿಡಿಯಬಾರದು; ಕಾಲಕಾಲಕ್ಕೆ ರಕ್ತ, ಮೂತ್ರಪಿಂಡ, ಥೈರಾಯ್ಡ್‌ಗಳ ಪರೀಕ್ಷೆಯನ್ನೂ ತಪ್ಪಿಸಬಾರದು. ಆರೋಗ್ಯಕ್ಕಾಗಿ ವ್ರತವನ್ನು ಬಿಟ್ಟವನಿಗೆ ಧರ್ಮಶಾಸ್ತ್ರವು ದೋಷ ಹೇಳುವುದಿಲ್ಲ; ನೆರೆಮನೆಯವರು ಹೇಳಿಯಾರು. ಕಥೆಗೆ ಬೇಕಾದ ಸಂಘರ್ಷವು ಇದರಲ್ಲಿಲ್ಲವೇ?

ವೈದ್ಯನ ಬಳಿಗೆ ಬರುವ ಹಾದಿಯೂ ಒಂದು ಕಥಾವಸ್ತುವೇ. ರೋಗಿಯು ಹೆಚ್ಚಾಗಿ ಬರುವುದು ವಿಷಾದದ ಕಾಲದಲ್ಲಿ. ಹಿಂದೊಮ್ಮೆ ಬಂದು ಹೋದ ಅತ್ಯುತ್ಸಾಹದ ದಿನಗಳನ್ನು ಅವನೂ ಹೇಳುವುದಿಲ್ಲ, ಮನೆಯವರೂ ಹೇಳುವುದಿಲ್ಲ. ಬರಿಯ ಖಿನ್ನತೆಯೆಂದು ತಿಳಿದು ಅದಕ್ಕಷ್ಟೇ ಮದ್ದು ಕೊಟ್ಟರೆ ಕೆಲವರಲ್ಲಿ ಉನ್ಮಾದವು ಕೆರಳುವುದುಂಟು. ಪ್ರಶ್ನೆ ಇಡಿಸುವುದು, ಹರಕೆ, ತಾಯಿತ ಇವುಗಳಲ್ಲಿ ವರ್ಷಗಳು ಕಳೆಯುವುದೂ ಸುಳ್ಳಲ್ಲ. ದೈವದ ಮುಂದೆ ಕೈಮುಗಿಯುವುದರಿಂದ ಮನಸ್ಸಿಗೆ ಬರುವ ಧೈರ್ಯವನ್ನು ಯಾರೂ ನಿಂದಿಸಬೇಕಾಗಿಲ್ಲ. ಪ್ರಸಾದದೊಡನೆ ಮಾತ್ರೆಯೂ ಹೊಟ್ಟೆಗೆ ಹೋಗಲೆಂಬುದಷ್ಟೇ ವಿವೇಕಿಗಳ ಮಾತು. ೨೦೧೫–೧೬ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಈ ವ್ಯಾಧಿಯುಳ್ಳವರ ಪೈಕಿ ನೂರರಲ್ಲಿ ಎಪ್ಪತ್ತರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಸಂತೆಕಟ್ಟೆಯವರಿಗೆ ದೂರದ ನೆಪವಿ‌ಲ್ಲ. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಗಳು ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿಯೂ, ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿಯೂ ಮನೋವೈದ್ಯರಿದ್ದಾರೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ನ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಅಡ್ಡವಾಗಿರುವುದು ದೂರವಲ್ಲ, ಆ ಬಾಗಿಲಿನ ಮುಂದೆ ಪರಿಚಯದವರು ಯಾರಾದರೂ ಕಂಡಾರೆಂಬ ಲಜ್ಜೆ.

ಶಾಸನವು ಈ ಲಜ್ಜೆಗಿಂತ ಮುಂದೆ ಹೋಗಿದೆ. ೧೯೧೨ರ ಶಾಸನದ ಹೆಸರಿನಲ್ಲಿಯೇ ‘ಲ್ಯುನಸಿ’ ಎಂಬ ಪದವಿತ್ತು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಚಿಕಿತ್ಸೆಯನ್ನು ಹಕ್ಕೆಂದಿತು. ಸರಪಳಿ ಕಟ್ಟುವುದನ್ನು ನಿಷೇಧಿಸಿತು. ವಿಮೆಯಲ್ಲಿ ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ಭೇದವಿರಬಾರದೆಂದಿತು. ಅದರಲ್ಲಿ ಸಾಹಿತ್ಯಕನ ಕುತೂಹಲವನ್ನು ಕೆರಳಿಸುವ ಇನ್ನೊಂದು ವಿಧಿಯಿದೆ: ಸ್ವಸ್ಥನಿರುವಾಗಲೇ, ಮುಂದೆ ತಾನು ಅಸ್ವಸ್ಥನಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ರೋಗಿಯು ಬರೆದಿಡಬಹುದು. ವಿವೇಕದ ದಿನದಲ್ಲಿರುವ ತಾನು ಅವಿವೇಕದ ದಿನದ ತನ್ನನ್ನು ಕಾಯುವ ಈ ಏರ್ಪಾಡು ಸ್ವತಃ ಒಂದು ನಾಟಕಕ್ಕೆ ವಸ್ತುವಾಗಬಲ್ಲುದು. ತನ್ನ ರೋಗವು ಬರುವ ಮೊದಲ ಗುರುತುಗಳನ್ನು—ನಿದ್ದೆ ಎರಡು ಗಂಟೆ ಕಡಿಮೆಯಾದದ್ದು, ಕೈಯಲ್ಲಿ ಹಣ ನಿಲ್ಲದಾದದ್ದು, ಸ್ನಾನಕ್ಕೆ ಬೇಸರವಾದದ್ದು—ಗುರುತಿಸಿ ಮನೆಯವರೊಡನೆ ಹೇಳಿಕೊಳ್ಳುವವನು ರೋಗಕ್ಕೆ ಅರ್ಧ ಕಡಿವಾಣ ಹಾಕಿದಂತೆಯೇ.

ಒಟ್ಟಿನಲ್ಲಿ ಹೇಳುವುದಾದರೆ, ಪ್ರಾಚೀನ ಕಾವ್ಯವು ಉನ್ಮಾದವನ್ನು ಸಂಚಾರಿಯಾಗಿ ಕಂಡಿತು. ಆಧುನಿಕ ಕಾದಂಬರಿಯು ಅದನ್ನು ದುರಂತವಾಗಿ ಕಂಡಿತು. ಬಾಳಿನಲ್ಲಿ ಅದು ಇವೆರಡೂ ಅಲ್ಲ. ಅದು ಹಲವು ದಶಕಗಳ ಕಾಲ ಜೊತೆಯಲ್ಲಿಟ್ಟುಕೊಂಡು ಸಾಗತಕ್ಕ ಒಂದು ವ್ಯಾಧಿ. ಅದನ್ನುಳ್ಳವರಲ್ಲಿ ಅಧ್ಯಾಪಕರಿದ್ದಾರೆ, ಮೀನುಗಾರರಿದ್ದಾರೆ, ಬ್ಯಾಂಕಿನ ಗುಮಾಸ್ತರಿದ್ದಾರೆ, ತಾಯಂದಿರಿದ್ದಾರೆ. ಇವರ ಕಥೆಯಲ್ಲಿ ಸ್ಥಾಯಿಯಾಗತಕ್ಕದ್ದು ಉನ್ಮಾದವೂ ಅಲ್ಲ, ವಿಷಾದವೂ ಅಲ್ಲ. ಭರತನೇ ಸಂಚಾರಿಗಳ ಸಾಲಿನಲ್ಲಿ ಎಣಿಸಿದ ‘ಧೃತಿ’. ತ್ರಿವೇಣಿಯವರು ಮುರಿದ ಮನಸ್ಸಿನ ಸುತ್ತಣ ಬಾಣಗಳನ್ನು ಎಣಿಸಿ ತೋರಿಸಿದರು. ಕಾವೇರಿಯು ಎರಡನೆಯ ಸಲವೂ ಗುಣಹೊಂದಿ, ಮದ್ದಿನ ಡಬ್ಬಿಯನ್ನು ಬಚ್ಚಿಡದೆ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ಮಕ್ಕಳಿಗೆ ಬಡಿಸಿ ತಾನೂ ಉಂಡು, ಹೊತ್ತಿಗೆ ಸರಿಯಾಗಿ ಮಲಗುವ ಕಥೆಯನ್ನು ಕನ್ನಡದಲ್ಲಿ ಇನ್ನೊಬ್ಬರು ಬರೆಯಬೇಕಾಗಿದೆ.